ಕಚ್ಚೋ ಹ್ಯಾಮ್‌ಸ್ಟರ್‌ನ ಹೊಲಕ್ಕ ಬಿಡಬ್ಯಾಡ್ರಿ

ಬೆಂಗಳೂರಿನ ಮೊಮ್ಮಕ್ಕಳು ಬ್ಯಾಸಿಗಿ ಸೂಟಿಗೆ ಬರೋ ಮುಂದ ಈಗ ಬ್ಯಾಗಿನ ಸಂಗಟ ಒಂದು ಪಂಜರನೂ ತರ್ತಾರ. ಹಗರಿಬೊಮ್ಮನಹಳ್ಳಿಯಾಗ ನಮ್ಮ ತಂಗಿ ಮನಿಗೆ ಹಂಗ ಬಂದ ಹ್ಯಾಮ್‌ಸ್ಟರ್ ಎರಡು ದಿನದಾಗ ಮೂರು ಮಂದಿಗೆ ಕಚ್ಚಿತು. ಮೊಮ್ಮಗಳ ಬೆರಳಾಗ ರಕ್ತ ಬಂತು. "ಇಲಿ ಜಾತಿ ಅಲ್ಲೇನು, ಹೊಲಕ್ಕ ಬಿಟ್ಟು ಬರ್ತೀನಿ, ಬದುಕ್ಕಂತತಿ" ಅಂತ ಮನಿ ಯಜಮಾನ್ರು ಎದ್ದ ನಿಂತ್ರಂತ. ಹುಡುಗಿ ಪಂಜರ ತಬ್ಬಿಕೊಂಡು ಅಳಾಕ ಹತ್ಯಾಳ ಅಂತ ತಂಗಿ ಫೋನ್ ಮಾಡಿದ್ಲು. ನಾನು ಹುಡುಗಿ ಪಾರ್ಟಿ.

ಹೊಲದಾಗ ಅದು ಬದುಕಂಗಿಲ್ಲ ತಾಯಿ. ಪಂಜರದಾಗ ಹುಟ್ಟಿ, ಬಟ್ಟಲದಾಗಿನ ಕಾಳು ತಿಂದು ಬೆಳದದ್ದು. ಹದ್ದು, ಗೂಬಿ, ಹಾವು, ಬೆಕ್ಕು, ಯಾವುದಕ್ಕ ಅಂಜಬೇಕು ಅನ್ನೋದೂ ಗೊತ್ತಿಲ್ಲ. ನಮ್ಮ ಹೆಗ್ಗಣಕ್ಕೂ ಅದಕ್ಕೂ ಊರು ಬ್ಯಾರೆ, ಕೇರಿ ಬ್ಯಾರೆ. ಪ್ಯಾಟಿಯಾಗ ಮಾರೋ ದೊಡ್ಡ ಜಾತಿ ಐತಲ್ಲ, ಸಿರಿಯನ್ ಅಂತಾರ, 1930ರಾಗ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿಶಾಸ್ತ್ರಜ್ಞರು ಸಿರಿಯಾ ದೇಶದ ಅಲೆಪ್ಪೊ ಹತ್ರ ನೆಲ ಅಗೆಸಿ ಒಂದು ತಾಯಿ ಮತ್ತದರ ಮರಿ ಹಿಡಿಸಿದ್ರು. ಇವತ್ತು ಸಾಕಿರೋ ಸಿರಿಯನ್ ಹ್ಯಾಮ್‌ಸ್ಟರ್ ಹೆಚ್ಚಿನವು ಆ ಮರಿಗಳ ಸಂತಾನ. ನೂರು ವರ್ಷನೂ ಆಗಿಲ್ಲ ಮನಿಗೆ ಬಂದು. ಆಕಳು, ನಾಯಿ ಸಾವಿರಾರು ವರ್ಷದಿಂದ ನಮ್ಮ ಸಂಗಟ ಅದಾವು, ಆದ್ರೂ ಚೊಚ್ಚಲ ಕರು ಹಾಕಿದ ಆಕಳು ಕೆಚ್ಚಲಿಗೆ ಕೈ ಹಾಕಿದ್ರ ಒದಿತತಿ. ಆಗ ಅದನ್ನ ಕೆಟ್ಟ ಆಕಳು ಅಂತೀವೇನು? ಮೈ ಸವರಿ, ಹಿಂಡಿ ಇಟ್ಟು, ಮಾತಾಡಿಸಿ, ನಾಕು ದಿನ ತಡದು ಹಿಂಡ್ಕಂತೀವಿ. ಆ ಪುರುಸೊತ್ತು ಇದಕ್ಕ್ಯಾಕ ಇಲ್ಲ?

ಅದು ಕಚ್ಚೋದು ಅಂಜಿಕಿಗೆ. ಕಣ್ಣು ಮಂದ, ಮೂಗು ಭಾಳ ಚುರುಕು. ರಾತ್ರಿ ಎದ್ದು ಓಡಾಡೋ ಜೀವ, ಹಗಲಿಗೆ ಮಲಗ್ತತಿ. ನಾವೇನು ಮಾಡ್ತೀವಿ? ಮಟಮಟ ಮಧ್ಯಾಹ್ನ ನೆರೆಮನ್ಯಾರು ಬಂದ್ರಂತ ಗೂಡಿನಿಂದ ಎಬ್ಬಿಸಿ ಮ್ಯಾಲಿಂದ ಕೈ ಹಾಕ್ತೀವಿ. ಹದ್ದಿನ ನೆಳ್ಳು ಬಿದ್ರ ಕೋಳಿಮರಿ ಹೆಂಗ ಓಡ್ತಾವು ನೋಡೀರಲ್ಲ? ಇದಕ್ಕ ಓಡಾಕ ಜಾಗ ಇಲ್ಲ, ಹಲ್ಲು ಐತಿ. ಇನ್ನು ಒಗ್ಗರಣಿ-ಮಿರ್ಚಿ ತಿಂದ ಕೈ ಪಂಜರದಾಗ ಹಾಕಿದ್ರ ಬೆರಳನ್ನ ತಿಂಡಿ ಅಂತನ ತಿಳಕಂತತಿ, ಅದರಾಗ ಅದರ ತಪ್ಪೇನೈತಿ?

ತಂಗಿಗೆ ನಾನು ಹೇಳಿದ್ದು ಇಷ್ಟು. ಮೊದಲನೇ ವಾರ ಯಾರೂ ಮುಟ್ಟಬ್ಯಾಡ್ರಿ. ಪಂಜರನ ಟಿವಿ, ಮಿಕ್ಸಿ, ಅಡ್ಡಾಡೋ ದಾರಿ ಬಿಟ್ಟು ಒಳಗಿನ ಕ್ವಾಣ್ಯಾಗ ಇಡ್ರಿ, ಅಡಗಾಕ ಒಂದು ಸಣ್ಣ ಗಡಿಗಿ ಅಡ್ಡ ಇಡ್ರಿ. ಹುಡುಗಿ ಉಟ್ಟು ಬಿಟ್ಟ ಹಳೇ ಹತ್ತಿ ಬಟ್ಟಿ ತುಂಡು, ಎಳಿ ಬಿಚ್ಚದಂಥದ್ದು, ಒಳಗ ಹಾಕ್ರಿ. ಆಕಿ ವಾಸನಿ ಅದಕ್ಕ ರೂಢಿ ಆಗಲಿ. ದೀಪ ಹಚ್ಚೋ ಹೊತ್ತು ಕಳದು ಅದು ತಾನಾಗಿ ಎದ್ದಾಗ ಹುಡುಗಿ ಬಾಜು ಕುಂತು ಮೆಲ್ಲಕ ಮಾತಾಡಲಿ. ಆಮ್ಯಾಲ ಕೈ ತೊಳದು, ಒಂದು ಸೂರ್ಯಕಾಂತಿ ಬೀಜ ಚಮಚದ ತುದಿಯಾಗ. ಚಮಚದಾಗ ಧೈರ್ಯವಾಗಿ ತಗಂಡ್ರ ಅಂಗೈಯಾಗ. ಕೈ ಕೆಳಗಿರಲಿ, ಅಲ್ಲಾಡದಂಗ ಇರಲಿ, ಹತ್ತೋದು ಬಿಡೋದು ಅದರ ಇಷ್ಟ. ಗಲ್ಲದಾಗಿನ ಚೀಲ ತುಂಬಿಕಂಡು ಓಡಿಹೋದ್ರ ಹೋಗಲಿ, ನಾಳಿಗೆ ಬರ್ತತಿ. ಪಂಜರ ತೊಳಿಯಾಕ ಹೊರಗ ತೆಗಿಬೇಕಂದ್ರ ಹಿಡಿಬ್ಯಾಡ್ರಿ, ಅಡ್ಡ ಲೋಟ ಇಟ್ರ ತಾನ ಒಳಗ ಹೋಗ್ತತಿ.

ದಪ್ಪ ಚರ್ಮದ ಕೈಚೀಲ ಹಾಕ್ಕಂಡು ದಿನಾ ಹಿಡದ್ರ ಅಂಜಿಕಿ ಬಿಡ್ತತಿ ಅಂತ ಮೊಬೈಲ್ ವಿಡಿಯೋದಾಗ ಹೇಳೋರು ಅದಾರ. ನನಗದು ಒಪ್ಪಿಗಿ ಇಲ್ಲ. ಚರ್ಮದ ವಾಸನಿಗೆ ರೂಢಿ ಆದ್ರ ಹುಡುಗಿ ಕೈಗೆ ಆತೇನು? ಎಷ್ಟು ಒತ್ತಿ ಹಿಡದೀವಿ ಅನ್ನೋದೂ ನಮಗ ತಿಳಿಯಂಗಿಲ್ಲ. ಕಚ್ಚಿದಾಗ ಮುಖಕ್ಕ ಊದೋದು, ತಲಿಗೆ ಹೊಡಿಯೋದು, ಕೈ ಝಾಡಿಸಿ ಕೆಡವೋದು, ಇವ್ಯಾವೂ ಮಾಡಬ್ಯಾಡ್ರಿ. ಅಷ್ಟು ಎತ್ತರದಿಂದ ಬಿದ್ರ ಕಾಲು ಮುರಿತತಿ. ಮೊದಲು ಸಾಧು ಇದ್ದದ್ದು ಒಮ್ಮಿಗಿಲೆ ಕಚ್ಚಾಕ ಹತ್ತಿದ್ರ ಎಲ್ಲರ ನೋವು ಐತೇನೋ, ಪಶುವೈದ್ಯರಿಗೆ ತೋರಸ್ರಿ. ಜೋಡಿ ಇರಲಿ ಅಂತ ಇನ್ನೊಂದು ಸಿರಿಯನ್ ತಂದು ಅದ ಪಂಜರದಾಗ ಹಾಕಬ್ಯಾಡ್ರಿ, ಕಾದಾಡಿ ಸಾಯ್ತಾವು. ಅದು ಒಂಟಿ ಜೀವ.

ಹಲ್ಲು ನಾಟಿದ್ರ ಅರಿಶಿಣ, ಸುಣ್ಣ ಮೆತ್ತಬ್ಯಾಡ್ರಿ. ಹರಿಯೋ ನೀರಾಗ ಸೋಪು ಹಚ್ಚಿ ಹದಿನೈದು ನಿಮಿಷ ತೊಳದು, ಡಾಕ್ಟರಿಗೆ ತೋರಿಸಿ ಧನುರ್ವಾಯು ಇಂಜೆಕ್ಷನ್ ಬೇಕೇನು ಕೇಳ್ರಿ. ನಾಯಿಯಿಂದ ಬರೋ ಹುಚ್ಚು ರೋಗ ಇಂಥಾ ಸಣ್ಣ ಸಾಕು ಪ್ರಾಣಿಯಿಂದ ಬರೋದು ಅಪರೂಪದಾಗ ಅಪರೂಪ, ಮನಿ ತುಂಬ ಹುಯಿಲೆಬ್ಬಿಸಬ್ಯಾಡ್ರಿ.

ನನಗ ಕಚ್ಚೋದಕ್ಕಿಂತ ಚಿಂತಿ ನಮ್ಮ ಬಿಸಲಿಂದು. 30 ಡಿಗ್ರಿ ದಾಟಿದ್ರ ಆ ಜೀವಕ್ಕ ತ್ರಾಸು, ನಮ್ಮಲ್ಲಿ ಏಪ್ರಿಲ್-ಮೇದಾಗ 40ರ ಆಜುಬಾಜು. ತಗಡಿನ ಶೆಡ್ಡು, ಕಿಟಕಿ ಬಿಸಲು, ನಿಲ್ಲಿಸಿದ ಕಾರು, ಒಂದು ತಾಸಿನಾಗ ಜೀವ ಹೋಗ್ತತಿ. ಮಣ್ಣಿನ ಮನಿ ಒಳಕ್ವಾಣಿ ಇದ್ರ ಅದ ಪುಣ್ಯ. ಇಲ್ಲಂದ್ರ ಪಂಜರದ ಬಾಜು ಹಸಿ ಗೋಣಿಚೀಲ ಇಳಿಬಿಡ್ರಿ. ಮೈಮ್ಯಾಲ ನೀರು ಹಾಕಬ್ಯಾಡ್ರಿ, ಅದು ಒಣ ಮರಳಾಗ ಹೊಳ್ಳಾಡಿ ಮೈ ಸ್ವಚ್ಛ ಮಾಡ್ಕಂತತಿ.

ಹಿಂಗಾಗಿ ಹುಟ್ಟಿದಹಬ್ಬಕ್ಕ ಗೊಂಬಿ ಕೊಡ್ಸಿದಂಗ ಹ್ಯಾಮ್‌ಸ್ಟರ್ ಕೊಡ್ಸೋ ಅಪ್ಪ-ಅವ್ವಂದಿರ ಮ್ಯಾಲ ನನಗ ಸಿಟ್ಟು ಐತಿ. ಬದುಕೋದು ಎರಡು-ಮೂರು ವರ್ಷ, ಅಷ್ಟರಾಗ ಬ್ಯಾಸಿಗಿಗೊಮ್ಮೆ ನಮ್ಮೂರಿಗೆ ಬಸ್ಸಿನಾಗ ಕುಲುಕಿಸಿ ತರ್ತಾರ. ಬಂದಾತು, ಈಗೇನು ಮಾಡೋದು. ತಂಗಿ ಮನ್ಯಾಗ ಪಂಜರ ಇನ್ನೂ ಒಳಕ್ವಾಣ್ಯಾಗ ಐತಿ, ಚಮಚದ ತನಕ ಬಂದೈತಿ, ಕೈಗೆ ಇನ್ನೂ ಬಂದಿಲ್ಲ. ಸೂಟಿ ಮುಗಿಯಾಕ ಹತ್ತು ದಿನ ಐತಿ. ನವಣಿ ಬೇಕಂದ್ರ ನಮ್ಮಲ್ಲಿ ಐತಿ, ಯಾರರ ಆ ಕಡಿ ಹೊಂಟಿದ್ರ ಕೊಟ್ಟು ಕಳಸ್ತೀನಿ.