ಶಾಲೆಗೊಬ್ಬ ಆಪ್ತಸಮಾಲೋಚಕ

100 ಅಥವಾ ಹೆಚ್ಚು ಮಕ್ಕಳಿರುವ ವಿದ್ಯಾಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಇಲ್ಲವೆ ಸಮಾಜಕಾರ್ಯಕರ್ತರು ಒಬ್ಬರಾದರೂ ಇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಆದೇಶಿಸಿತು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶಪರೀಕ್ಷೆಗೆ ಓದುತ್ತಿದ್ದ ಬಾಲೆಯೊಬ್ಬಳ ಸಾವು ಈ ಆದೇಶಕ್ಕೆ ಹಿನ್ನೆಲೆ.

ಈ ವೃತ್ತಿಗೆ ಹೋಗುವೆನೆಂದ ಮಗಳನ್ನು ‘ಹುಚ್ಚರ ಚಾಕರಿ ಬೇಡ’ ಎಂದು ಗದರುವ ತಂದೆಯರು ನಮ್ಮಲ್ಲಿದ್ದಾರೆ. ಭಟ್ಟಿಯ ಮುಂದೆ ನಿಂತವನಿಗೂ ರಾತ್ರಿಪಾಳಿಯವನಿಗೂ ಮಕ್ಕಳು ಎಚ್ಚರವಿರುವಾಗ ಕಾಣಸಿಗುವುದು ರಜೆಯ ದಿನ ಮಾತ್ರ. ಅವರ ಮನಸ್ಸಿನ ಅಳಲು ಕೇಳುವವರು ಶಾಲೆಯಲ್ಲಾದರೂ ಬೇಡವೇ?

ಓದು ದೀರ್ಘವಾದುದು, ನಿಜ: ಹೆಚ್ಚಾಗಿ ಮನಶ್ಶಾಸ್ತ್ರದಲ್ಲಿ ಎಂ.ಎ., ಮೇಲೆ ತರಬೇತಿ. ಇಷ್ಟು ಖರ್ಚು ಮಾಡಿ ಓದಿದವರಿಗೆ ವಾರಕ್ಕೊಂದು ದಿನದ ಗುತ್ತಿಗೆ ಕೆಲಸ ಕೊಟ್ಟು ಶಾಲೆಗಳು ಕೈತೊಳೆದುಕೊಂಡರೆ ನಾವು ಒಪ್ಪುವುದಿಲ್ಲ. ಖಾಯಂ ಹುದ್ದೆ, ಶಿಕ್ಷಕರಿಗೆ ಸಮನಾದ ಸಂಬಳ—ಈ ಬೇಡಿಕೆಯನ್ನು ಪಾಲಕರ ಸಭೆಗಳಲ್ಲಿ ಕಾರ್ಮಿಕ ಬಂಧುಗಳೇ ಎತ್ತಬೇಕು.