ಪಾಂಟೂನ್ ದೋಣಿ ಮುಳುಗುವುದೇ ಇಲ್ಲವೇ? ಮೊದಲ ದೋಣಿಗೆ ಎಷ್ಟು ಎಚ್‌ಪಿ ಎಂಜಿನ್ ಸಾಕು?

ಕಳೆದ ಮೇ ತಿಂಗಳಲ್ಲಿ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ನೀಲಿ ಸರೋವರ, ಅದರ ಮೇಲೆ ಸೋಫಾ ಹಾಕಿದ ಜಗಲಿಯಂಥ ದೋಣಿ, ಅದರಲ್ಲಿ ಹತ್ತು ಹದಿನೈದು ಮಂದಿ ಕುಣಿಯುತ್ತಿದ್ದರು. ಜೊತೆಗಿದ್ದ ಸಂದೇಶ ಮೂರು ಮಾತು ಹೇಳುತ್ತಿತ್ತು. ಈ ದೋಣಿ ಮುಳುಗುವುದಿಲ್ಲ, ಮಗುಚುವುದೂ ಇಲ್ಲ. ಕಾರು ಓಡಿಸಲು ಬಂದರೆ ಇದನ್ನೂ ಓಡಿಸಬಹುದು. ಎಂಜಿನ್ ದೊಡ್ಡದಿದ್ದಷ್ಟೂ ಹೆಚ್ಚು ಜನರನ್ನು ಕೂರಿಸಬಹುದು.

ಕಳಿಸಿದವರು ದೊಡ್ಡಪ್ಪ. ಅವರ ಮಗ, ಅಂದರೆ ನನ್ನ ಅಣ್ಣ, ಅಮೆರಿಕದ ಮಿನೆಸೋಟಾದಲ್ಲಿದ್ದಾನೆ. ಜುಲೈನಲ್ಲಿ ದೊಡ್ಡಪ್ಪ, ದೊಡ್ಡಮ್ಮ ಅಲ್ಲಿಗೆ ಹೋಗುವವರಿದ್ದರು. ಅಷ್ಟರೊಳಗೆ ಮೊದಲ ಪಾಂಟೂನ್ ದೋಣಿ ಕೊಳ್ಳಬೇಕೆಂದು ಅಣ್ಣನ ಆಸೆ. ಅವನು ಗುಂಪಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "115 ಎಚ್‌ಪಿ ಸಾಕಾ, 150 ಬೇಕಾ?"

ಪ್ರಶ್ನೆ ಚಿಕ್ಕದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಒಂದೊಂದಾಗಿ ನೋಡೋಣ.

ಪಾಂಟೂನ್ ಅಂದರೆ ಏನು?

ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳು, ಅವುಗಳ ಮೇಲೆ ಒಂದು ಚಪ್ಪಟೆ ಹಲಗೆ, ಸುತ್ತ ಕಟಕಟೆ, ಹಿಂದೆ ಒಂದು ಎಂಜಿನ್. ಪಾಂಟೂನ್ ದೋಣಿ ಎಂದರೆ ಇಷ್ಟೇ. ಕೊಳವೆಗಳ ಎರಡೂ ತುದಿ ಮುಚ್ಚಿರುತ್ತವೆ, ಒಳಗೆ ಗಾಳಿ ಇರುತ್ತದೆ. ಬಾಳೆದಿಂಡು ಕಟ್ಟಿ ತೆಪ್ಪ ಮಾಡುತ್ತಾರಲ್ಲ, ತತ್ವ ಅದೇ.

ಇಂದಿನ ರೂಪದ ಪಾಂಟೂನ್ ಹುಟ್ಟಿದ್ದೂ ಮಿನೆಸೋಟಾದಲ್ಲೇ. 1952ರಲ್ಲಿ ರಿಚ್ಮಂಡ್ ಎಂಬ ಊರಿನ ಆ್ಯಂಬ್ರೋಸ್ ವೀರಿಸ್ ಎಂಬ ರೈತ ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸೆದು, ಅಂಥ ಎರಡು ಸಾಲುಗಳ ಮೇಲೆ ಮರದ ಅಟ್ಟಣಿಗೆ ಹಾಕಿದ. ಅಗಲವಾದ ತಳವಿದ್ದರೆ ಸರೋವರದಲ್ಲಿ ದೋಣಿ ಹೆಚ್ಚು ಓಲಾಡುವುದಿಲ್ಲ ಎಂಬುದು ಅವನ ಎಣಿಕೆ. ಅದು ಸರಿಯಾಗಿತ್ತು. "ಮಗುಚುವುದೇ ಇಲ್ಲ" ಎಂಬ ಮಾತಿಗೂ ಮೂಲ ಇಲ್ಲೇ ಇದೆ. ಹೆಚ್ಚು ಓಲಾಡುವುದಿಲ್ಲ ಎಂಬ ನಿಜ, ಬಾಯಿಂದ ಬಾಯಿಗೆ ದಾಟುತ್ತಾ ಮಗುಚುವುದೇ ಇಲ್ಲ ಎಂದಾಗಿದೆ.

ಜನರನ್ನು ಹೊರುವುದು ಎಂಜಿನ್ ಅಲ್ಲ

ಇಲ್ಲಿದೆ ದೊಡ್ಡ ತಪ್ಪು ತಿಳಿವಳಿಕೆ. ಎಂಜಿನ್ ದೋಣಿಯನ್ನು ತಳ್ಳುತ್ತದೆ, ಹೊರುವುದಿಲ್ಲ. ಹೊರುವುದು ಕೊಳವೆ. ಕೊಳವೆ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ತೂಕವನ್ನು ನೀರು ಎತ್ತಿ ಹಿಡಿಯುತ್ತದೆ. ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ನಿಯಮ.

ಒಂದು ಅಂದಾಜು ಲೆಕ್ಕ ಹಾಕೋಣ. 20 ಅಡಿ ಉದ್ದದ ದೋಣಿ, 25 ಅಂಗುಲ ವ್ಯಾಸದ ಎರಡು ಕೊಳವೆ. ಒಂದು ಕೊಳವೆಯ ಗಾತ್ರ ಸುಮಾರು 1.9 ಘನ ಮೀಟರ್. ಎರಡೂ ಪೂರ್ತಿ ಮುಳುಗಿದರೆ ಸುಮಾರು 3,800 ಕೆ.ಜಿ. ಎತ್ತಬಲ್ಲವು. ಆದರೆ ಪೂರ್ತಿ ಮುಳುಗಿದ ಕೊಳವೆ ಅಂದರೆ ಹಲಗೆಯ ಮೇಲೆ ನೀರು. ಕೊಳವೆ ಅರ್ಧದಷ್ಟು ನೀರಿನ ಮೇಲಿರಬೇಕು ಎಂದುಕೊಂಡರೆ ಉಳಿಯುವುದು 1,900 ಕೆ.ಜಿ.

ಇದರಲ್ಲಿ ದೋಣಿಯ ಸ್ವಂತ ತೂಕವೇ 900ರಿಂದ 1,000 ಕೆ.ಜಿ. 115 ಎಚ್‌ಪಿ ಎಂಜಿನ್ ಸುಮಾರು 165 ಕೆ.ಜಿ. 80 ಲೀಟರ್ ಪೆಟ್ರೋಲ್ ಸುಮಾರು 60 ಕೆ.ಜಿ. ಬ್ಯಾಟರಿ, ಲಂಗರು, ಐಸ್ ಪೆಟ್ಟಿಗೆ, ಊಟದ ಬುಟ್ಟಿ ಸೇರಿ ಇನ್ನೊಂದು 60. ಎಲ್ಲ ಕಳೆದರೆ ಜನರಿಗೆ ಉಳಿಯುವುದು 700 ಕೆ.ಜಿ. ಆಸುಪಾಸು. ತಲೆಗೆ 75 ಕೆ.ಜಿ. ಹಿಡಿದರೆ ಒಂಬತ್ತು ಮಂದಿ.

ಈಗ ಎಂಜಿನ್ ಇನ್ನೂ ದೊಡ್ಡದು ಹಾಕಿಸಿದಿರಿ ಎನ್ನಿ. ಅದರ ತೂಕವೂ ಹೆಚ್ಚು. ಅಂದರೆ ಜನರಿಗೆ ಉಳಿಯುವ ಪಾಲು ಕಡಿಮೆಯಾಗುತ್ತದೆ. ಫಾರ್ವರ್ಡ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ!

ಇದು ವಿಷಯ ಅರ್ಥವಾಗಲೆಂದು ಹಾಕಿದ ಲೆಕ್ಕ. ನಿಮ್ಮ ದೋಣಿಯ ನಿಜವಾದ ಮಿತಿ ಅದರ ಮೇಲೆ ಅಂಟಿಸಿದ ಸಾಮರ್ಥ್ಯದ ಫಲಕದಲ್ಲಿ ಇರುತ್ತದೆ. ಅದರಲ್ಲಿ ಮೂರು ಅಂಕಿ ನೋಡಿ: ಎಷ್ಟು ಜನ, ಒಟ್ಟು ಎಷ್ಟು ತೂಕ, ಗರಿಷ್ಠ ಎಷ್ಟು ಎಚ್‌ಪಿ. ಅಮೆರಿಕದ ಕೇಂದ್ರ ಕಾನೂನು ಈ ಫಲಕವನ್ನು ಕಡ್ಡಾಯ ಮಾಡಿರುವುದು 20 ಅಡಿಗಿಂತ ಚಿಕ್ಕದಾದ, ಒಂದೇ ತಳವಿರುವ ದೋಣಿಗಳಿಗೆ. ಪಾಂಟೂನ್ ಅದರಲ್ಲಿ ಬರುವುದಿಲ್ಲ. ಆದರೂ ಬಹುತೇಕ ತಯಾರಕರು ಉದ್ಯಮದ ಮಾನದಂಡದ ಪ್ರಕಾರ ಫಲಕ ಹಾಕುತ್ತಾರೆ. ಸೆಕೆಂಡ್ ಹ್ಯಾಂಡ್ ದೋಣಿಯಲ್ಲಿ ಫಲಕ ಕಾಣದಿದ್ದರೆ, ಆ ಮಾದರಿಯ ಅಂಕಿಗಳನ್ನು ತಯಾರಕರಿಂದ ತಿಳಿದುಕೊಳ್ಳದೆ ಕೊಳ್ಳಬೇಡಿ.

ಕಾರಿಗೆ 67, ದೋಣಿಗೆ 115 ಯಾಕೆ?

ನಮ್ಮ ಊರಿನ ಸಣ್ಣ ಕಾರುಗಳ ಎಂಜಿನ್ 65ರಿಂದ 70 ಎಚ್‌ಪಿ. ಐದು ಜನರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಆರಾಮಾಗಿ ಹೋಗುತ್ತವೆ. 115 ಎಚ್‌ಪಿ ಹಾಕಿದ ಎರಡು ಕೊಳವೆಯ ಪಾಂಟೂನ್ ಮಾತ್ರ ಗಂಟೆಗೆ 35ರಿಂದ 43 ಕಿ.ಮೀ. ಮುಟ್ಟಿದರೆ ಹೆಚ್ಚು. ಎಂಜಿನ್ ಕೆಟ್ಟದ್ದೆಂದಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಜೊತೆಗೆ ದೋಣಿ ಓಡುವಾಗ ಅಲೆ ಎಬ್ಬಿಸುತ್ತದೆ, ಆ ಅಲೆಗೂ ಶಕ್ತಿ ಖರ್ಚಾಗುತ್ತದೆ. 20 ಅಡಿಯ ದೋಣಿ ಗಂಟೆಗೆ ಸುಮಾರು 11 ಕಿ.ಮೀ. ದಾಟಿದ ಮೇಲೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಒಂದೊಂದು ಕಿಲೋಮೀಟರ್ ವೇಗವೂ ದುಬಾರಿ.

ಆದ್ದರಿಂದ ಎಂಜಿನ್ ದುಪ್ಪಟ್ಟಾದರೆ ವೇಗ ದುಪ್ಪಟ್ಟಾಗುವುದಿಲ್ಲ. ಹೆಚ್ಚೆಂದರೆ ಶೇ 25ರಿಂದ 40ರಷ್ಟು ಏರುತ್ತದೆ. 60 ಎಚ್‌ಪಿಯಲ್ಲಿ 24ರಿಂದ 30 ಕಿ.ಮೀ. ವೇಗ ಬರುತ್ತಿದ್ದರೆ, 115ರಲ್ಲಿ ಸಿಗುವುದು ಇನ್ನೊಂದು ಹನ್ನೆರಡು ಕಿ.ಮೀ. ಅಷ್ಟೇ.

ಹಾಗಾದರೆ ಚಿಕ್ಕ ಎಂಜಿನ್ನೇ ಒಳ್ಳೆಯದಾ? ಅದೂ ಅಲ್ಲ. ಪಾಂಟೂನಿನ ಕಟಕಟೆ ಮತ್ತು ಬಿಸಿಲಿನ ಮರೆ ಹಾಯಿಯಂತೆ ಗಾಳಿ ಹಿಡಿಯುತ್ತವೆ. ಮಧ್ಯಾಹ್ನ ಎದುರುಗಾಳಿ ಎದ್ದಾಗ ತುಂಬಿದ ದೋಣಿಯನ್ನು ದಡಕ್ಕೆ ತರಲು ದುರ್ಬಲ ಎಂಜಿನ್ ಒದ್ದಾಡುತ್ತದೆ.

ಯಾರಿಗೆ ಎಷ್ಟು?

ಅನುಭವಿಗಳು ಬಳಸುವ ಸ್ಥೂಲ ಅಳತೆ ಹೀಗಿದೆ.

16ರಿಂದ 18 ಅಡಿ, ನಾಲ್ಕೈದು ಜನ, ಮೀನು ಹಿಡಿಯುವುದು, ಸಂಜೆಯ ವಿಹಾರ: 25ರಿಂದ 50 ಎಚ್‌ಪಿ.

20ರಿಂದ 22 ಅಡಿ, ಎರಡು ಕೊಳವೆ, ಕುಟುಂಬದ ವಿಹಾರ: 60ರಿಂದ 90. ಯಾವಾಗಲೂ ದೋಣಿ ತುಂಬಿರುತ್ತದೆ, ಮಕ್ಕಳನ್ನು ರಬ್ಬರ್ ಟ್ಯೂಬಿನಲ್ಲಿ ಕೂರಿಸಿ ಎಳೆಯಬೇಕು ಎಂದಾದರೆ 90ರಿಂದ 115.

22 ಅಡಿ ಮೇಲ್ಪಟ್ಟು, ಮೂರು ಕೊಳವೆ: 115ರಿಂದ 200, ಅದಕ್ಕೂ ಹೆಚ್ಚು.

ಮೂರನೆಯ ಕೊಳವೆ ಹೊರುವ ಶಕ್ತಿ ಹೆಚ್ಚಿಸುತ್ತದೆ, ವೇಗದಲ್ಲಿ ತಿರುಗುವಾಗ ಹಿಡಿತ ಕೊಡುತ್ತದೆ. 150 ಎಚ್‌ಪಿಯ ಆಸೆ ಇದ್ದರೆ ಮೂರು ಕೊಳವೆಯ ದೋಣಿ ನೋಡಿ. ಎರಡು ಕೊಳವೆಯ ಹಿಂತುದಿಗೆ ಭಾರದ ಎಂಜಿನ್ ನೇತುಹಾಕಿದರೆ ಹಿಂಬದಿ ಕೆಳಕ್ಕೆ ಕೂರುತ್ತದೆ, ಕೊಟ್ಟ ದುಡ್ಡಿಗೆ ತಕ್ಕ ವೇಗವೂ ಸಿಗುವುದಿಲ್ಲ.

ಯಾವುದೇ ಮಾದರಿಯಾದರೂ ಫಲಕದ ಗರಿಷ್ಠ ಎಚ್‌ಪಿ ದಾಟಬೇಡಿ. ಹಲವು ರಾಜ್ಯಗಳಲ್ಲಿ ಅದು ಕಾನೂನು ಉಲ್ಲಂಘನೆ, ವಿಮೆಗೂ ತೊಡಕು. ಗರಿಷ್ಠದ ಮುಕ್ಕಾಲು ಭಾಗದ ಸುತ್ತಮುತ್ತ ಇದ್ದರೆ ಹೆಚ್ಚಿನ ಕುಟುಂಬಗಳಿಗೆ ಸಾಕು.

ಸರೋವರ, ಎತ್ತರ ಮತ್ತು ನಿಮ್ಮ ಕಾರು

ಬೆಲೆ ಕೇಳುವ ಮೊದಲು ಯಾವ ಸರೋವರಕ್ಕೆ ಹೋಗುತ್ತೀರಿ ಎಂದು ಯೋಚಿಸಿ. ಪೆನ್ಸಿಲ್ವೇನಿಯಾದ ನಾಕಮಿಕ್ಸನ್ ಮತ್ತು ಆರ್ಥರ್ ಸರೋವರಗಳಲ್ಲಿ 20 ಎಚ್‌ಪಿ ಮಿತಿ ಇದೆ. ಕೆಲವು ಸರೋವರಗಳಲ್ಲಿ ಬ್ಯಾಟರಿ ಮೋಟಾರಿಗೆ ಮಾತ್ರ ಅವಕಾಶ. ಅಲ್ಲಿಗೆ 115 ಎಚ್‌ಪಿ ಕೊಂಡೊಯ್ದರೆ ದಡದಿಂದಲೇ ವಾಪಸು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ, ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಡಿಲನ್ ಜಲಾಶಯ ಒಂಬತ್ತು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿ 115ರ ಎಂಜಿನ್ 85ರಂತೆ ಕೆಲಸ ಮಾಡುತ್ತದೆ.

ಇನ್ನು ಕಾರು. 20 ಅಡಿಯ ದೋಣಿ, ಎಂಜಿನ್, ಪೆಟ್ರೋಲ್, ಟ್ರೈಲರ್ ಸೇರಿದರೆ 1,500 ಕೆ.ಜಿ. ದಾಟುತ್ತದೆ. ಅಲ್ಲಿನ ಸಣ್ಣ ಎಸ್‌ಯುವಿಗಳಲ್ಲಿ ಹಲವು ಎಳೆಯಬಲ್ಲದ್ದು 1,500 ಪೌಂಡ್, ಅಂದರೆ 680 ಕೆ.ಜಿ. ಮಾತ್ರ. ಪೌಂಡನ್ನು ಕೆ.ಜಿ. ಎಂದು ಓದಿಕೊಂಡರೆ ಕೆಟ್ಟಿರಿ.

ಮಗುಚುವುದಿಲ್ಲವೇ? ಬಾಲ್ಟಿಮೋರ್ ಹೇಳುವ ಕಥೆ

2004ರ ಮಾರ್ಚ್ 6. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 'ಲೇಡಿ ಡಿ' ಎಂಬ ಪಾಂಟೂನ್ ವಾಟರ್ ಟ್ಯಾಕ್ಸಿ 25 ಜನರೊಂದಿಗೆ ಸಾಗುತ್ತಿತ್ತು. ಅದಕ್ಕೆ ಪರವಾನಗಿ ಇದ್ದದ್ದೂ 25 ಜನರಿಗೇ. ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು, ದೋಣಿ ಮಗುಚಿತು. ಐದು ಜನ ಸತ್ತರು.

ಪರವಾನಗಿ ಮೀರದ ದೋಣಿ ಮಗುಚಿದ್ದು ಹೇಗೆ? ತನಿಖೆ ಎರಡು ವಿಷಯ ಹೊರತೆಗೆಯಿತು. ಒಂದು, ಸ್ಥಿರತೆಯ ಪರೀಕ್ಷೆ ನಡೆದದ್ದು ಈ ದೋಣಿಯ ಮೇಲಲ್ಲ, ಬೇರೊಂದು ದೋಣಿಯ ಮೇಲೆ. ಎರಡು, ತಲೆಗೆ 140 ಪೌಂಡ್, ಅಂದರೆ ಸುಮಾರು 64 ಕೆ.ಜಿ. ಎಂಬ ಹಳೆಯ ಲೆಕ್ಕ ಹಿಡಿದಿದ್ದರು. ಅಂದು ದೋಣಿಯಲ್ಲಿದ್ದವರ ಸರಾಸರಿ ತೂಕ 168 ಪೌಂಡ್, ಸುಮಾರು 76 ಕೆ.ಜಿ. ಎಣಿಕೆಯಲ್ಲಿ ಒಬ್ಬರೂ ಹೆಚ್ಚಿರಲಿಲ್ಲ, ತೂಕದಲ್ಲಿ 700 ಪೌಂಡ್ ಹೆಚ್ಚಿತ್ತು. 2011ರ ಡಿಸೆಂಬರ್‌ನಿಂದ ಅಮೆರಿಕದ ಕರಾವಳಿ ಕಾವಲು ಪಡೆ ಪ್ರಯಾಣಿಕರ ದೋಣಿಗಳಿಗೆ ತಲೆಗೆ 185 ಪೌಂಡ್, ಸುಮಾರು 84 ಕೆ.ಜಿ. ಲೆಕ್ಕ ಹಿಡಿಯುತ್ತಿದೆ.

ಆದ್ದರಿಂದ ಫಲಕದಲ್ಲಿ ತಲೆ ಮಾತ್ರ ಎಣಿಸಬೇಡಿ, ತೂಕವನ್ನೂ ಕೂಡಿಸಿ.

ಭಾರ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 'ಜಲಕನ್ಯಕ' ಮಗುಚಿ 45 ಜನ ಸತ್ತದ್ದು ನೆನಪಿರಬಹುದು. ಅದು ಪಾಂಟೂನ್ ಅಲ್ಲ, ಎರಡು ಅಂತಸ್ತಿನ ದೋಣಿ. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದದ್ದು ಅಲ್ಲಿ ಮುಳುವಾಯಿತು. ಪಾಂಟೂನಿನಲ್ಲೂ ಫೋಟೊಗೆಂದು ಎಲ್ಲರೂ ಮುಂದಕ್ಕೆ ಬಂದು ನಿಂತರೆ ಮೂತಿ ತಗ್ಗುತ್ತದೆ, ಎದುರಿನ ಅಲೆ ಹಲಗೆಯ ಮೇಲೇ ನುಗ್ಗುತ್ತದೆ. ಮುಂಬಾಗಿಲಿನ ಆಚೆ ಕಾಲು ಇಳಿಬಿಟ್ಟು ಕೂರುವುದು ಇನ್ನೂ ಅಪಾಯ. ಅಲ್ಲಿಂದ ಬಿದ್ದವರು ಹೋಗುವುದು ನೇರ ದೋಣಿಯ ಅಡಿಗೆ, ಅಲ್ಲಿಂದ ಹಿಂದಿರುವ ಪ್ರೊಪೆಲ್ಲರಿಗೆ.

"ಕಾರು ಬಂದರೆ ಸಾಕು" ಎಂಬ ಮಾತೂ ಇಲ್ಲೇ ಬಿದ್ದುಹೋಗುತ್ತದೆ. ದೋಣಿಗೆ ಬ್ರೇಕ್ ಇಲ್ಲ. ಎಂಜಿನ್ ಆಫ್ ಮಾಡಿದರೂ ತೇಲುತ್ತಾ ಮುಂದೆ ಹೋಗುತ್ತದೆ. ಓಡಿಸುವವರೇ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲೆಂದು ಅವರ ಮೈಗೆ ಕಟ್ಟಿಕೊಳ್ಳುವ ಒಂದು ದಾರ ಇರುತ್ತದೆ. 26 ಅಡಿಗಿಂತ ಚಿಕ್ಕದಾದ, 3 ಎಚ್‌ಪಿ ಅಥವಾ ಹೆಚ್ಚಿನ ದೋಣಿಗಳನ್ನು ವೇಗವಾಗಿ ಓಡಿಸುವಾಗ ಅದನ್ನು ಬಳಸುವುದು ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ ಕಡ್ಡಾಯ. ಇನ್ನು ಲೈಫ್ ಜಾಕೆಟ್: ಅಲ್ಲಿ ದೋಣಿ ಅಪಘಾತಗಳಲ್ಲಿ ನೀರಲ್ಲಿ ಮುಳುಗಿ ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ಧರಿಸಿರಲಿಲ್ಲ.

ಕೊಳ್ಳುವ ಮುನ್ನ ಈ ಕ್ರಮದಲ್ಲಿ ಯೋಚಿಸಿ

1. ದೋಣಿಯಲ್ಲಿ ಅತಿ ಹೆಚ್ಚು ಎಂದರೆ ಎಷ್ಟು ಜನ? ಅವರ ಒಟ್ಟು ತೂಕ ಎಷ್ಟು?
2. ಅಷ್ಟನ್ನು ಹೊರುವ ಕೊಳವೆ ಯಾವ ಮಾದರಿಯಲ್ಲಿದೆ? ಫಲಕ ಏನು ಹೇಳುತ್ತದೆ?
3. ನಿಮ್ಮ ಸರೋವರದ ಎಚ್‌ಪಿ ಮಿತಿ ಎಷ್ಟು? ನಿಮ್ಮ ಕಾರು ಎಷ್ಟು ಎಳೆಯುತ್ತದೆ?
4. ದೋಣಿಯಿಂದ ಏನು ಮಾಡುತ್ತೀರಿ? ಮೀನೋ, ವಿಹಾರವೋ, ಟ್ಯೂಬ್ ಎಳೆಯುವುದೋ?
5. ಕೊನೆಗೆ ಎಚ್‌ಪಿ. ದುಡ್ಡು ಕೊಡುವ ಮೊದಲು ಮನೆಯವರನ್ನೆಲ್ಲ ಕೂರಿಸಿ ಓಡಿಸಿ ನೋಡಿ. ಪೂರ್ತಿ ವೇಗದಲ್ಲಿ ಎಂಜಿನ್ ತನ್ನ ಕೈಪಿಡಿ ಹೇಳುವ ಆರ್‌ಪಿಎಂ ಮುಟ್ಟದಿದ್ದರೆ, ಪ್ರೊಪೆಲ್ಲರ್ ಬದಲಿಸಿದರೆ ಸರಿಯಾಗುತ್ತದೆಯೇ ಎಂದು ಕೇಳಿ. ಎಷ್ಟೋ ಸಲ ಬೇಕಿರುವುದು ದೊಡ್ಡ ಎಂಜಿನ್ ಅಲ್ಲ, ಸರಿಯಾದ ಪ್ರೊಪೆಲ್ಲರ್.

ಅಣ್ಣನಿಗೂ ಮೊದಲು ಜನರ ಲೆಕ್ಕ ಹಾಕಲು ಹೇಳಿದೆ. ಅವರು ನಾಲ್ವರು, ದೊಡ್ಡಪ್ಪ, ದೊಡ್ಡಮ್ಮ, ಅತ್ತಿಗೆಯ ಅಪ್ಪ ಅಮ್ಮ, ಪಕ್ಕದ ಮನೆಯ ಗೆಳೆಯನ ಸಂಸಾರ ನಾಲ್ಕು. ಹನ್ನೆರಡು. ಅವನು ನೋಡಿದ್ದ 20 ಅಡಿಯ ದೋಣಿಯ ಫಲಕದಲ್ಲಿ ಇದ್ದದ್ದು ಒಂಬತ್ತು. 115 ಹಾಕಿದರೂ 150 ಹಾಕಿದರೂ ಆ ಒಂಬತ್ತು ಹತ್ತಾಗುವುದಿಲ್ಲ. ಕೊನೆಗೆ ಅವನು ಅದೇ ದೋಣಿಯನ್ನು 90 ಎಚ್‌ಪಿಯೊಂದಿಗೆ ಕೊಂಡ. ಉಳಿದ ದುಡ್ಡಿನಲ್ಲಿ ಎಲ್ಲರ ಅಳತೆಗೂ ಲೈಫ್ ಜಾಕೆಟ್ ತಂದ. ಜುಲೈನಲ್ಲಿ ಆರಾರು ಜನರಂತೆ ಎರಡು ಸುತ್ತು ಹೋಗಿ ಬಂದರು. ದೊಡ್ಡಪ್ಪ ಎರಡೂ ಸುತ್ತಿನಲ್ಲಿ ತಾನೇ ಇರಬೇಕೆಂದು ಹಟ ಮಾಡಿದರಂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ದೋಣಿಯಲ್ಲಿ ಹಾಸಿಗೆ ಎಂದರೆ ಕೊಳವೆ, ಎಂಜಿನ್ ಅಲ್ಲ. "ಮುಳುಗದ ದೋಣಿ" ಎಂಬ ವಿಡಿಯೊ ನಿಮಗೂ ಬಂದರೆ, ಮುಂದೆ ಕಳಿಸುವ ಮುನ್ನ ಕಳಿಸಿದವರನ್ನು ಒಂದು ಮಾತು ಕೇಳಿ: ಫಲಕದಲ್ಲಿ ಎಷ್ಟು ಬರೆದಿದೆ?