ಕೊಳ್ಳುವ ಮುನ್ನ: ಮಗಳು ಕೇಳಿದ ಒಂಟಿ ಟೆಂಟು

ಮಿಕ್ಸಿ, ಕುಕ್ಕರು, ರೇಷ್ಮೆ ಸೀರೆ ಇವೆಲ್ಲ ಈ ಅಂಕಣಕ್ಕೆ ಹಳೆಯ ನೆಂಟರು. ಈ ಸಲ ಬಂದಿರುವ ಪ್ರಶ್ನೆ ಬೇರೆ ತರಹದ್ದು. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗಳು ಮೈಸೂರಿನಲ್ಲಿ ಕಾಲೇಜು ಓದುತ್ತಾಳೆ, ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟಗುಡ್ಡ ತಿರುಗುವ ಹುಚ್ಚು ಹಿಡಿದಿದೆ. “ಒಬ್ಬಳೇ ಮಲಗೋ ಅಂಥ ಟೆಂಟು ಬೇಕು ಅಂತಾಳೆ ಅಕ್ಕಾ. ಡೈರಿಗೆ ಹಾಲು ಹಾಕಿ ಕೂಡಿಟ್ಟ ನಾಲ್ಕು ಸಾವಿರ ನನ್ನ ಹತ್ರ ಅದೆ. ಅವರಪ್ಪ, ‘ಬಟ್ಟೆ ಗುಡಿಸಲಿಗೆ ನಾಲ್ಕು ಸಾವಿರವಾ?’ ಅಂತಾರೆ. ಕೊಡಿಸಲಾ, ಬ್ಯಾಡ್ವಾ?”

ಕೊಡಿಸಿ ತಾಯಿ. ಆದರೆ ಈ ತಿಂಗಳೇ ಬೇಡ.

ಮೊದಲು ಅವರಪ್ಪನವರ ಮಾತಿಗೆ ಉತ್ತರ ಕೊಟ್ಟುಬಿಡೋಣ. ಜಪಾನಿನ ಜುಂಕೊ ತಬೆಯ್ ಎಂಬಾಕೆ 1975ರ ಮೇ 16ರಂದು ಎವರೆಸ್ಟ್ ಶಿಖರ ಹತ್ತಿದ ಮೊಟ್ಟಮೊದಲ ಮಹಿಳೆ. ಆಗ ಆಕೆ ಮನೆಯಲ್ಲಿ ಪುಟ್ಟ ಮಗಳನ್ನು ಬಿಟ್ಟು ಬಂದಿದ್ದ ತಾಯಿ. ಹಣ ಕೇಳಲು ಹೋದ ಕಡೆಯಲ್ಲೆಲ್ಲ “ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳಬಾರದೇ” ಎಂಬ ಉಪದೇಶ ಸಿಕ್ಕಿತು. ಆಕೆ ಪಿಯಾನೋ ಪಾಠ ಹೇಳಿ ದುಡ್ಡು ಕೂಡಿಸಿದರು. ಕಾರಿನ ಸೀಟಿನ ಹಳೆಯ ಹೊದಿಕೆಯನ್ನು ಕತ್ತರಿಸಿ ನೀರು ತಡೆಯುವ ಕೈಗವಸು ಹೊಲಿದರು. ಹಳೆ ಸೀರೆಯಲ್ಲಿ ಕೌದಿ ಹೊಲಿಯುವ ನಮಗೆ ಆಕೆ ದೂರದವರು ಅಂತ ಅನ್ನಿಸುವುದೇ ಇಲ್ಲ. ಬೆಟ್ಟದ ಆಸೆಗೂ ಮನೆಯ ಲೆಕ್ಕಾಚಾರಕ್ಕೂ ಜಗಳ ಇರಲೇಬೇಕು ಅಂತ ಏನೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಮಗಳನ್ನು ಮೊದಲು ಒಂದು ಪ್ರಶ್ನೆ ಕೇಳಿ: “ನೀನು ಹೋಗುವ ಕಡೆ ಟೆಂಟು ಯಾರು ಕೊಡ್ತಾರೆ?” ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರ ಹಿಮಾಲಯದ ಶಿಬಿರಗಳಲ್ಲಿ ಟೆಂಟು ಅವರದ್ದೇ. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿಗೆ ಹೋದರೂ ಸ್ವಂತ ಟೆಂಟು ಹೊತ್ತುಕೊಂಡು ಹೋಗುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ದುಡ್ಡು ಕಟ್ಟಿಸಿಕೊಂಡು ಗುಂಪು ಕರೆದೊಯ್ಯುವ ಕಂಪನಿಗಳೂ ಹೆಚ್ಚಾಗಿ ಹೀಗೇ. ಹಾಗಿದ್ದಮೇಲೆ ವರ್ಷಕ್ಕೆ ಒಂದು ಸಲ ಇಂಥ ಗುಂಪಿನಲ್ಲಿ ಹೋಗುವವರಿಗೆ ಸ್ವಂತ ಟೆಂಟು ಅಟ್ಟದ ಮೇಲಿನ ಸಾಮಾನು, ಅಷ್ಟೆ. ತಾವೇ ದಾರಿ ಗೊತ್ತುಮಾಡಿಕೊಂಡು ನಾಲ್ಕಾರು ದಿನ ನಡೆಯುವವರಿಗೆ ಮಾತ್ರ ಅದು ಬೇಕಾಗುವುದು. ಬೆಂಗಳೂರಿನಲ್ಲಿ ಟೆಂಟು ಬಾಡಿಗೆಗೆ ಕೊಡುವವರಿದ್ದಾರೆ. ಎರಡು ಮೂರು ಸಲ ಬಾಡಿಗೆಯದ್ದರಲ್ಲೇ ಮಲಗಿ ಬರಲಿ. ಹುಚ್ಚು ಇಳಿಯುವುದಾದರೆ ಅಷ್ಟರಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ತನಗೆ ಏನು ಬೇಕು, ಏನು ಬೇಡ ಅಂತ ಅವಳಿಗೇ ಗೊತ್ತಾಗಿರುತ್ತದೆ. ಇದಕ್ಕೇ ನಾನು ಈ ತಿಂಗಳು ಬೇಡ ಅಂದದ್ದು.

ಕೊಳ್ಳುವ ದಿನ ಬಂತು ಅಂತಿಟ್ಟುಕೊಳ್ಳಿ. ಬೆಲೆಯ ಚೀಟಿಗಿಂತ ಮೊದಲು ತೂಕದ ಚೀಟಿ ನೋಡಬೇಕು. ಬೆನ್ನ ಮೇಲಿನ ಹೊರೆ ಮೈತೂಕದ ಐದರಲ್ಲಿ ಒಂದು ಪಾಲು ಮೀರಬಾರದು ಅಂತ ನಡೆಯುವವರು ಇಟ್ಟುಕೊಂಡಿರುವ ಲೆಕ್ಕ. ಮಗಳು 50 ಕೆ.ಜಿ. ಇದ್ದರೆ ಹೊರೆ 10 ಕೆ.ಜಿ. ಬರಿ ಚೀಲವೇ ಒಂದೂವರೆ, ಹೊದ್ದು ಹಾಸಿಕೊಳ್ಳುವುದಕ್ಕೆ ಎರಡು, ಎರಡು ಲೀಟರ್ ನೀರಿಗೆ ಎರಡು, ಬಟ್ಟೆ ಮಳೆಕೋಟಿಗೆ ಎರಡು, ಹುರಿಹಿಟ್ಟು ಚಿಕ್ಕಿ ಔಷಧಿ ಎಲ್ಲ ಸೇರಿ ಒಂದು. ಕೂಡಿಸಿ ನೋಡಿ, ಎಂಟೂವರೆ ಆಯಿತು. ಟೆಂಟಿಗೆ ಉಳಿದದ್ದು ಒಂದೂವರೆ ಕೆ.ಜಿ. ಮಾತ್ರ! ಅಗ್ಗದ ಟೆಂಟುಗಳು ಹೆಚ್ಚಾಗಿ ಎರಡರಿಂದ ಮೂರು ಕೆ.ಜಿ. ಇರುತ್ತವೆ. ಮೇಲಿನ ಒಂದು ಕೆ.ಜಿ. ತಾನೆ ಅನ್ನಬೇಡಿ. ಹಂಗಳದ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ, ಹುಲ್ಲಿನ ಹೊರೆ ಹೊಲದಲ್ಲಿ ಎತ್ತುವಾಗ ಒಂದು ತೂಕ, ಮನೆ ಮುಟ್ಟುವ ಹೊತ್ತಿಗೆ ಇನ್ನೊಂದು ತೂಕ. ಅದರ ಮೇಲೆ ರಾತ್ರಿ ಮಳೆ ಬಂದರೆ ಒದ್ದೆ ಟೆಂಟಿನ ಭಾರ ಬೇರೆ.

ಹಗುರದ್ದು ಬೇಕು ಅಂದರೆ ಬೆಲೆ ಹಲವು ಪಟ್ಟು ಏರುತ್ತದೆ. ನಾಲ್ಕು ಸಾವಿರಕ್ಕೆ ಒಂದೂವರೆ ಕೆ.ಜಿ.ಯ ಒಳ್ಳೆಯ ಒಂಟಿ ಟೆಂಟು ಸಿಗುವುದು ಕಷ್ಟ. ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ಇಬ್ಬರ ಟೆಂಟುಗಳು ಹೆಚ್ಚು ಮಾರಾಟವಾಗುತ್ತವೆ, ಹೆಚ್ಚು ತಯಾರಾಗುತ್ತವೆ, ಹಾಗಾಗಿ ಎಷ್ಟೋ ಸಲ ಒಬ್ಬರದ್ದಕ್ಕಿಂತ ಅವೇ ಅಗ್ಗ. ಎರಡೂವರೆ ಕೆ.ಜಿ.ಯ ಇಬ್ಬರ ಟೆಂಟನ್ನು ಗೆಳತಿಯ ಜೊತೆ ಪಾಲಿಗೆ ಕೊಂಡರೆ, ಒಬ್ಬಳು ಬಟ್ಟೆ ಹೊರುತ್ತಾಳೆ, ಇನ್ನೊಬ್ಬಳು ಕಡ್ಡಿ, ಗೂಟ. ತಲಾ ಒಂದೂಕಾಲು ಕೆ.ಜಿ.! ದುಡ್ಡೂ ಅರ್ಧ. ನನ್ನನ್ನು ಕೇಳಿದರೆ ಜೊತೆಯಾಗಿ ನಡೆಯುವ ಹುಡುಗಿಯರಿಗೆ ಇದೇ ಸರಿ. ಒಂದೇ ಒಂದು ಮಾತು, ಟೆಂಟು ಯಾರ ಮನೆಯಲ್ಲಿ ಇರಬೇಕು, ಹರಿದರೆ ಯಾರು ಕೊಡಬೇಕು ಅಂತ ಕೊಳ್ಳುವ ಮೊದಲೇ ಮಾತಾಡಿಕೊಳ್ಳಲಿ. ಚೀಟಿ ವ್ಯವಹಾರದ ಹಾಗೇ ಇದೂ. ಇನ್ನು ಮಗಳು “ಉಹೂಂ, ನನಗೆ ಒಬ್ಬಳಿಗೇ ಬೇಕು” ಅಂದರೆ ಅದನ್ನೂ ತಪ್ಪು ತಿಳಿಯಬೇಡಿ. ಹಾಸ್ಟೆಲಿನಲ್ಲಿ ನಾಲ್ವರ ಜೊತೆ ಮಲಗುವ ಹುಡುಗಿಗೆ ಒಂದು ರಾತ್ರಿ ತನ್ನದೇ ಒಂದು ಮೂಲೆ ಬೇಕೆನಿಸುವುದು ಸಹಜ. ಹಾಗಾದರೆ ಎರಡು ಕೆ.ಜಿ.ಯ ಒಳಗಿನದ್ದು ನೋಡಿ, ಉಳಿದ ಸಾಮಾನಿನಲ್ಲಿ ಅರ್ಧ ಕೆ.ಜಿ. ಅವಳೇ ಕಡಿಮೆ ಮಾಡಿಕೊಳ್ಳಲಿ.

ಇನ್ನು ಬಟ್ಟೆಯ ವಿಷಯ. ಇಲ್ಲಿ ಅಂಗಡಿಯವನಿಗಿಂತ ನಮಗೇ ಹೆಚ್ಚು ಗೊತ್ತು.

ಅಗ್ಗದ ಟೆಂಟುಗಳಲ್ಲಿ ಒಂದೇ ಪದರದ್ದು ಕೆಲವು, ಎರಡು ಪದರದ್ದು ಕೆಲವು. ಎರಡು ಪದರದ್ದೇ ತೆಗೆದುಕೊಳ್ಳಿ. ಯಾಕೆ ಅಂತೀರಾ? ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಡೆ ನೀರು ತೊಟ್ಟಿಕ್ಕುತ್ತದಲ್ಲ, ಟೆಂಟಿನಲ್ಲಿ ರಾತ್ರಿಯಿಡೀ ಆಗುವುದು ಅದೇ. ಮಲಗಿದವರ ಉಸಿರು ಬೆಚ್ಚಗೆ, ತೇವವಾಗಿ ಮೇಲೇಳುತ್ತದೆ. ಹೊರಗೆ ಚಳಿ, ಬಟ್ಟೆ ತಣ್ಣಗಿರುತ್ತದೆ. ಮಳೆ ನೀರು ಒಳಗೆ ಬರಬಾರದು ಅಂತ ಲೇಪ ಬಳಿದ ಬಟ್ಟೆ ಒಳಗಿನ ಹಬೆಯನ್ನೂ ಹೊರಕ್ಕೆ ಬಿಡುವುದಿಲ್ಲ. ಹಬೆ ತಣ್ಣನೆ ಬಟ್ಟೆಗೆ ತಾಕಿ ಹನಿಯಾಗುತ್ತದೆ, ಬೆಳಗಿನ ಜಾವ ಮುಖದ ಮೇಲೆ ತಟಕ್ ಎನ್ನುತ್ತದೆ. ಮಳೆಯೇ ಬಾರದಿದ್ದರೂ ಹೊದಿಕೆ ಒದ್ದೆ. “ಟೆಂಟು ಸೋರ್ತದೆ” ಅಂತ ಎಷ್ಟೋ ಜನ ಅಂಗಡಿಗೆ ಜಗಳಕ್ಕೆ ಹೋಗುವುದು ಇದಕ್ಕೇ.

ಎರಡು ಪದರದ್ದರಲ್ಲಿ ಒಳಗಿನದು ಸೊಳ್ಳೆಪರದೆಯ ಹಾಗೆ ಜಾಳು. ಹಬೆ ಅದನ್ನು ದಾಟಿ ಹೊರ ಪದರಕ್ಕೆ ಹೋಗಿ ಹನಿಯಾಗಿ, ಆ ಬಟ್ಟೆಯ ಗುಂಟ ನೆಲಕ್ಕೆ ಇಳಿದುಹೋಗುತ್ತದೆ. ಮಲಗಿದವರಿಗೆ ತಾಕುವುದಿಲ್ಲ. ಹೊರ ಪದರದ ನೆತ್ತಿಯಲ್ಲಿ ಒಂದು ಗಾಳಿಕಿಂಡಿ ಇದೆಯೇ ನೋಡಿ. ಮಳೆ ಬಂದರೂ ಅದನ್ನು ಮುಚ್ಚದೆ ಇರುವಂತೆ ಮೇಲೊಂದು ಸಣ್ಣ ಚಾಚು ಇರಬೇಕು. ಒಳಪರದೆಗೆ ಪೂರ್ತಿ ಜಿಪ್ಪು ಇರಲಿ. ಮಲೆನಾಡಿನ ಕಡೆ ಹೋದರೆ ಜಿಗಣೆ ಕಾಟ ಗೊತ್ತೇ ಇದೆಯಲ್ಲ. ಹೊಲ ಕಾಯುವವರು ಕಟ್ಟಿಕೊಳ್ಳುವ ಟಾರ್ಪಾಲು ಅಗ್ಗವೂ ಹೌದು, ಗಾಳಿಯೂ ಆಡುತ್ತದೆ, ಆದರೆ ಹುಳುಹುಪ್ಪಟೆಗೆ ತಡೆ ಇಲ್ಲ.

“ವಾಟರ್‌ಪ್ರೂಫ್” ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಅದರ ಪಕ್ಕದಲ್ಲಿ ಒಂದು ಅಂಕಿ ಇರಬೇಕು, 1500 ಮಿ.ಮೀ., 2000 ಮಿ.ಮೀ. ಹೀಗೆ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬಿದರೆ ಎಷ್ಟು ಎತ್ತರದ ನೀರಿನವರೆಗೆ ಜಿನುಗದೆ ತಡೆಯುತ್ತದೆ ಅನ್ನುವುದರ ಅಳತೆ ಅದು. ಮೇಲಿನ ಬಟ್ಟೆಗೆ 1500ಕ್ಕೆ ಕಡಿಮೆ ಬೇಡ. ನೆಲಹಾಸಿಗೆ ಅದಕ್ಕಿಂತ ಹೆಚ್ಚಿರಲಿ, ಮೊಣಕಾಲೂರಿದಾಗ ಒದ್ದೆ ನೆಲದ ನೀರು ಒತ್ತಿಕೊಂಡು ಮೇಲೆ ಬರುತ್ತದೆ. ಆಮೇಲೆ ಹೊಲಿಗೆ. ಸೂಜಿ ಹೋದ ಕಡೆಯಲ್ಲೆಲ್ಲ ತೂತು, ತೂತಿದ್ದ ಕಡೆ ನೀರು. ಹೊಲಿಗೆಯ ಒಳಮಗ್ಗುಲಲ್ಲಿ ಉದ್ದಕ್ಕೂ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಬೆಳಕಿಗೆ ಹಿಡಿದು, ಬೆರಳು ಓಡಿಸಿ ನೋಡಿ. ರವಿಕೆಯ ಅಸ್ತರು ಹಾಗೆಯೇ ತಾನೆ ನಾವು ನೋಡುವುದು?

ಕಡ್ಡಿಗಳು ಅಗ್ಗದವುಗಳಲ್ಲಿ ಫೈಬರಿನವು, ಮೇಲಿನ ಬೆಲೆಯವುಗಳಲ್ಲಿ ಅಲ್ಯೂಮಿನಿಯಂ. ಫೈಬರ್ ಭಾರ, ಸೀಳಿದರೆ ಕೈಗೆ ಚುಚ್ಚುತ್ತದೆ, ಆದರೂ ಶುರುವಿಗೆ ನಡೆಯುತ್ತದೆ. ತೆಗೆದ ಕೂಡಲೇ ತಾನೇ ಅರಳಿಕೊಳ್ಳುವ ಟೆಂಟುಗಳಿವೆ, ನೋಡಲು ಮೋಜು. ಮಡಿಸಿದರೆ ಮೊರಕ್ಕಿಂತ ದೊಡ್ಡ ಚಕ್ರ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವವರು ಯಾರು?

ಅಳತೆಯ ವಿಷಯದಲ್ಲಿ ಅಮ್ಮಂದಿರೇ ಮುಂದಾಗಬೇಕು. ಮಗಳು 5 ಅಡಿ 4 ಅಂಗುಲ ಇದ್ದರೆ ಸುಮಾರು 163 ಸೆಂ.ಮೀ. ಟೆಂಟಿನ ತುದಿಗಳು ಇಳಿಜಾರಾಗಿರುತ್ತವೆ. ತಲೆಯ ಕಡೆ, ಕಾಲ ಕಡೆ ಗೇಣು ಗೇಣು ಬಿಟ್ಟರೆ 205 ಸೆಂ.ಮೀ. ಉದ್ದವಾದರೂ ಬೇಕು. ಇಲ್ಲದಿದ್ದರೆ ಹೊದಿಕೆ ಗೋಡೆಗೆ ತಾಗಿ ಒದ್ದೆಯಾಗುತ್ತದೆ. ಡಬ್ಬಿಯ ಮೇಲಿರುವ ಉದ್ದ ಅಗಲವನ್ನು ನಡುಮನೆಯಲ್ಲಿ ರಂಗೋಲಿ ಪುಡಿಯಿಂದ ನೆಲದ ಮೇಲೆ ಎಳೆಯಿರಿ. ಚೀಲವನ್ನು ಪಕ್ಕಕ್ಕೆ ಇಟ್ಟು ಮಗಳು ಅದರೊಳಗೆ ಮಲಗಲಿ, ಮಗ್ಗುಲು ಬದಲಾಯಿಸಲಿ. ಎತ್ತರ ಒಂದು ಮೀಟರಿನ ಹತ್ತಿರ ಇದ್ದರೆ ಕೂತು ಜಡೆ ಹಾಕಿಕೊಳ್ಳಬಹುದು. ಬಟ್ಟೆ ಬದಲಾಯಿಸಲಿಕ್ಕೂ ಮರೆ ಅದೇ ಅಲ್ಲವೇ, ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಟೆಂಟು ಬಂದ ದಿನವೇ ಮನೆಯಲ್ಲಿ ಹಾಕಿ ನೋಡಿ. ತಾರಸಿಯ ಮೇಲೆ, ಗೂಟದ ಬದಲು ಇಟ್ಟಿಗೆಗೆ ಹಗ್ಗ ಕಟ್ಟಿ. ಎರಡು ಕೊಡ ನೀರು ಮೇಲಿಂದ ನಿಧಾನವಾಗಿ ಸುರಿದು, ಒಳಗೆ ಹಾಸಿದ ಹಳೆಯ ಪತ್ರಿಕೆ ನೆನೆದಿದೆಯೇ ಅಂತ ನೋಡಿ. ಸೋರಿದರೆ ವಾಪಸು ಕೊಡುವ ಗಡುವು ಮುಗಿಯುವುದರೊಳಗೆ ಹೇಳಬಹುದು. ಹಾಗಾಗಿ ಬಿಲ್ಲು, ಡಬ್ಬಿ ಎರಡೂ ಜೋಪಾನ. ಹಂಗಳದವರಿಗೆ ಮಾತ್ರ ಒಂದು ಮಾತು ಹೆಚ್ಚಿಗೆ: ಹೊಲದಲ್ಲಿ ಹಾಕಿ ಒಂದು ರಾತ್ರಿ ಮಲಗಿ ನೋಡ್ತೀನಿ ಅಂದರೆ ಖಂಡಿತ ಬೇಡ. ಕಾಡಿನ ಅಂಚಿನ ಹೊಲಗಳಿಗೆ ಆನೆ, ಹಂದಿ ಬರುವುದು ನಿಮಗೇ ಗೊತ್ತು, ಬಟ್ಟೆಯ ಗೋಡೆ ಅವಕ್ಕೆ ಲೆಕ್ಕಕ್ಕಿಲ್ಲ.

ಗೋಪಾಲಸ್ವಾಮಿ ಬೆಟ್ಟವೂ ಅಷ್ಟೆ. ಹಂಗಳದಿಂದ ತಿರುಗಿದರೆ ಸಿಗುವ ಬೆಟ್ಟ, 1454 ಮೀಟರ್ ಎತ್ತರ, ಮೇಲೆ ಮಂಜು ಸುರಿಯುತ್ತಾ ಇರುತ್ತದೆ. ಮಗಳ ಗೆಳತಿಯರು “ನಿಮ್ಮೂರ ಬೆಟ್ಟದಲ್ಲೇ ಟೆಂಟು ಹಾಕೋಣ ಕಣೇ” ಅಂತ ಅಂದೇ ಅನ್ನುತ್ತಾರೆ. ಅದು 1973ರಲ್ಲಿ ಶುರುವಾದ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು. ಸ್ವಂತ ವಾಹನಗಳು ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು, ದರ್ಶನ ಮುಗಿಸಿ ಸಂಜೆಯೊಳಗೆ ಇಳಿಯಬೇಕು. ರಾತ್ರಿ ತಂಗುವಂತಿಲ್ಲ. ಕಾಡಿನ ಹೆದ್ದಾರಿಯಲ್ಲೇ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಓಡಾಟಕ್ಕೆ ತಡೆ ಇದೆ. ಬೇರೆ ಕಡೆಯ ಕಾಡುದಾರಿಗಳಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ನಡೆಯಲು ಅನುಮತಿ ಸಿಕ್ಕಿತು ಅಂದರೆ ಟೆಂಟು ಹಾಕಲೂ ಸಿಕ್ಕಿತು ಅಂತಲ್ಲ. ಖಾಸಗಿ ತೋಟಗಳಲ್ಲಿ ದುಡ್ಡು ಕೊಟ್ಟು ಟೆಂಟು ಹಾಕುವ ಜಾಗಗಳು ಕೊಡಗು, ಚಿಕ್ಕಮಗಳೂರಿನ ಕಡೆ ಇವೆ. ಮೊದಲ ಸಲಕ್ಕೆ ಅಂಥ ಕಡೆಯೇ ಹೋಗಲಿ, ಶೌಚಾಲಯ ಹತ್ತಿರ ಇರುತ್ತದೆ.

ಹಾಕುವ ಜಾಗ ಹಳ್ಳದ ದಂಡೆಯೂ ಬೇಡ, ತಗ್ಗೂ ಬೇಡ. ತಣ್ಣನೆ ಗಾಳಿ ತಗ್ಗಿಗೇ ಇಳಿಯುವುದು, ಹನಿಯೂ ಅಲ್ಲೇ ಹೆಚ್ಚು. ಮರದಡಿ ಇಬ್ಬನಿ ಕಡಿಮೆ, ಆದರೆ ತಲೆಯ ಮೇಲೆ ಒಣಕೊಂಬೆ ಇಲ್ಲವೆಂದು ನೋಡಿಕೊಳ್ಳಲಿ. ಟೆಂಟಿನ ಒಳಗೆ ಒಲೆ, ಮೇಣದಬತ್ತಿ, ಸೊಳ್ಳೆಬತ್ತಿ ಯಾವುದನ್ನೂ ಹಚ್ಚಕೂಡದು. ಬಟ್ಟೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಮುಚ್ಚಿದ ಟೆಂಟಿನಲ್ಲಿ ಒಲೆ ಉರಿಸಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿ, ನಿದ್ದೆಯಲ್ಲೇ ಜೀವ ಹೋಗಬಹುದು. ಇದನ್ನು ಎರಡು ಸಲ ಹೇಳಿ ಕಳಿಸಿ.

ಊರಿಂದ ಬಂದಮೇಲೆ ಒದ್ದೆ ಟೆಂಟನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಲೇಪ ಅಂಟಂಟಾಗಿ ಸುಲಿಯುತ್ತದೆ. ವಾಷಿಂಗ್ ಮೆಷಿನ್ನೂ ಬೇಡ, ಬಟ್ಟೆ ಸೋಪಿನ ಪುಡಿಯೂ ಬೇಡ. ತಣ್ಣೀರಿನಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರಾ ಒಣಗಿಸಿ, ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ತುಂಬಿಡಿ. ಜಿಪ್ಪು ಬಿಗಿಯಾದರೆ ಮೇಣದಬತ್ತಿಯ ತುಂಡು ಉಜ್ಜಿದರೆ ಸಲೀಸಾಗಿ ಓಡುತ್ತದೆ.